ನಿಧಿ ಇರುವುದು ಅಡಿಟಿಪ್ಪಣಿಯಲ್ಲಿ

ಕೆ.ಎನ್. ಗಣೇಶಯ್ಯನವರ ಕಾದಂಬರಿಗಳಲ್ಲಿ ಕಥೆ ಓಟಕ್ಕೆ ಬಿದ್ದ ಹೊತ್ತಿಗೆ ಸರಿಯಾಗಿ ಪುಟದ ಬುಡದಲ್ಲೊಂದು ಅಡಿಟಿಪ್ಪಣಿ ಕಾಣಿಸಿಕೊಳ್ಳುತ್ತದೆ. ನಡುನಡುವೆ ಶಿಲ್ಪದ ಫೋಟೊ, ನಕಾಶೆ, ಶಾಸನದ ಉಲ್ಲೇಖ. ಕಥೆ ಮುಗಿದ ಮೇಲೆ ಆಕರಗಳ ಪಟ್ಟಿ. ನಿದ್ದೆಗೆಟ್ಟು ಓದುವ ಪುಸ್ತಕವೇ ಬೇರೆ, ಪಿಎಚ್‌.ಡಿ. ಪ್ರಬಂಧವೇ ಬೇರೆ ಎಂದು ನಂಬಿದ್ದ ಕನ್ನಡದಲ್ಲಿ ಇವೆರಡನ್ನೂ ಒಂದೇ ರಟ್ಟಿನೊಳಗೆ ಹೊಲಿಯುವ ಕೆಲಸವನ್ನು ಇವರಷ್ಟು ಹಟ ಹಿಡಿದು ಮಾಡಿದವರು ಇನ್ನೊಬ್ಬರಿಲ್ಲ. ‘ಕನಕ ಮುಸುಕು’, ‘ಕರಿಸಿರಿಯಾನ’, ‘ಕಪಿಲಿಪಿಸಾರ’, ‘ಚಿತಾದಂತ’, ‘ಏಳು ರೊಟ್ಟಿಗಳು’, ‘ಮೂಕಧಾತು’, ‘ಶಿಲಾಕುಲವಲಸೆ’, ‘ಬಳ್ಳಿಕಾಳ ಬೆಳ್ಳಿ’: ಹೆಸರುಗಳೇ ಒಗಟಿನ ಹಾಗಿವೆ. ಅವರ ಬಹುಪಾಲು ಪುಸ್ತಕಗಳನ್ನು ಹೊರತಂದ ಅಂಕಿತ ಪುಸ್ತಕ ಇರುವುದು ಬೆಂಗಳೂರಿನ ಗಾಂಧಿಬಜಾರಿನಲ್ಲಿ, ತ್ಯಾಗರಾಜನಗರದವರು ತರಕಾರಿ ತರಲು ಹೋದಾಗ ಹಾಗೇ ಒಳಹೊಕ್ಕು ಬರಬಹುದಾದ ದೂರದಲ್ಲಿ. ಈ ಕಾದಂಬರಿಗಳು ಮತ್ತೆ ಮತ್ತೆ ಮುದ್ರಣವಾಗುತ್ತವೆ, ನಿವೃತ್ತ ಮೇಷ್ಟ್ರೂ ಸಾಫ್ಟ್‌ವೇರ್ ಹುಡುಗರೂ ಒಂದೇ ಉತ್ಸಾಹದಿಂದ ಓದುತ್ತಾರೆ. ಕಾರಣ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ನಿಧಿ, ರಹಸ್ಯ, ಬೆನ್ನಟ್ಟುವಿಕೆ. ಅದು ಅರ್ಧ ಸತ್ಯ ಮಾತ್ರ. ಈ ಕೃತಿಗಳಲ್ಲಿ ಓದುಗನನ್ನು ಹಿಡಿದು ಕೂರಿಸುವುದು ಸಾಕ್ಷ್ಯ ಎಂಬ ವಸ್ತು. ಒಂದು ಊಹೆ ಹೇಗೆ ಹುಟ್ಟುತ್ತದೆ, ಯಾವ ಪುರಾವೆಯ ಮೇಲೆ ನಿಲ್ಲುತ್ತದೆ, ಎಲ್ಲಿ ಕುಸಿಯಬಹುದು ಎಂಬುದನ್ನು ಕನ್ನಡದ ಸಾಮಾನ್ಯ ಓದುಗರಿಗೆ ಇಷ್ಟು ದೊಡ್ಡ ಪ್ರಮಾಣದಲ್ಲಿ ರೂಢಿ ಮಾಡಿಸಿದ ಜನಪ್ರಿಯ ಲೇಖಕ ಗಣೇಶಯ್ಯ ಎಂಬುದು ನನ್ನ ವಾದ.

ಈ ರೂಢಿ ಬಂದದ್ದು ಅವರ ವೃತ್ತಿಯಿಂದ. ಗಣೇಶಯ್ಯ ಸಸ್ಯವಿಜ್ಞಾನಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದವರು. ಸಹೋದ್ಯೋಗಿ ಆರ್. ಉಮಾಶಂಕರ್ ಜತೆಗೂಡಿ ಅವರು ಮಾಡಿದ ಹೆಸರುವಾಸಿ ಸಂಶೋಧನೆ ಕಾಯಿಯೊಳಗಿನ ಬೀಜಗಳ ಕುರಿತದ್ದು. ನೇರಳೆ ಹಣ್ಣನ್ನೇ ನೋಡಿ. ಹೂವಿನ ಅಂಡಾಶಯದಲ್ಲಿ ಹಲವು ಅಂಡಕಗಳಿರುತ್ತವೆ, ಆದರೆ ಹಣ್ಣು ಕಚ್ಚಿದಾಗ ಹಲ್ಲಿಗೆ ಸಿಗುವುದು ಸಾಮಾನ್ಯವಾಗಿ ಒಂದೇ ಬೀಜ. ಮಿಕ್ಕವು ಏನಾದವು? ತಾಯಿಗಿಡ ಆಹಾರ ಸಾಲದೆ ಕೈಬಿಟ್ಟಿತೆನ್ನುವುದು ಹಳೆಯ ವಿವರಣೆ. ಮೊದಲು ಬೆಳೆಯತೊಡಗಿದ ಬೀಜವೇ ರಾಸಾಯನಿಕದ ಮೂಲಕ ಒಡಹುಟ್ಟಿದವುಗಳ ಬೆಳವಣಿಗೆಯನ್ನು ಅಡಗಿಸುತ್ತದೆ ಎಂದು ತೋರಿಸಿದ್ದು ಈ ತಂಡ. ಗಾಳಿಗೆ ಹಾರುವ ಶೀಶಮ್ ಮರದ ಕಾಯಿಯಲ್ಲೂ ಅವರಿಗೆ ಇದೇ ಬಗೆಯ ಸೋದರ ಕಲಹ ಕಂಡಿತ್ತು: ಒಂದೇ ಬೀಜವಿದ್ದರೆ ಕಾಯಿ ಹಗುರ, ಹಗುರವಾದರೆ ದೂರ ಹಾರುತ್ತದೆ, ಹಾಗಾಗಿ ಬದುಕುಳಿದದ್ದಕ್ಕೆ ಲಾಭ. ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಮುಚ್ಚಿದ ಕೋಣೆಯೊಂದರಲ್ಲಿ ಹಲವರಿದ್ದರು, ಒಬ್ಬನೇ ಹೊರಬಂದ. ಯಾರು ಮಾಡಿದ್ದು, ಯಾವ ವಿಷದಿಂದ, ಯಾರಿಗೆ ಲಾಭ? ಪತ್ತೇದಾರಿಯ ಮೂಲಪ್ರಶ್ನೆಗಳೆಲ್ಲ ಇಲ್ಲಿವೆ. ವಿಜ್ಞಾನಿಯೊಬ್ಬರು ಬಿಡುವಿನಲ್ಲಿ ಕಥೆ ಬರೆದರು ಎಂದು ನಾವು ಹೇಳುವುದುಂಟು. ಗಣೇಶಯ್ಯನವರ ವಿಷಯದಲ್ಲಿ ಪ್ರಯೋಗಾಲಯದ ಪ್ರಶ್ನಿಸುವ ಕ್ರಮವೇ ಇತಿಹಾಸದ ಕಡೆಗೂ ತಿರುಗಿತು ಎನ್ನುವುದು ಹೆಚ್ಚು ಸರಿ.

ಕನ್ನಡಕ್ಕೆ ರೋಚಕ ಕಾದಂಬರಿ ಹೊಸದಲ್ಲ. ‘ಪತ್ತೇದಾರ ಪುರುಷೋತ್ತಮ’ನನ್ನು ಸೃಷ್ಟಿಸಿದ ಎನ್. ನರಸಿಂಹಯ್ಯ 500ಕ್ಕೂ ಹೆಚ್ಚು ಕಾದಂಬರಿ ಬರೆದವರು. ನಮ್ಮ ಹಳದಿ–ಕೆಂಪು ಬಾವುಟವನ್ನು ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಬಾಡಿಗೆ ಲೈಬ್ರರಿಗಳಿಂದ ಅವರ ಪುಸ್ತಕಗಳನ್ನು ಒಯ್ದು ಓದಿಯೇ ಎಷ್ಟೋ ಮನೆಗಳಲ್ಲಿ ಕನ್ನಡ ಓದುವ ಚಟ ಹತ್ತಿದ್ದು. ಅವರ ಲೋಕದಲ್ಲಿ ಸಾಕ್ಷ್ಯ ಎಂದರೆ ಹೆಜ್ಜೆಗುರುತು, ಬೆರಳಚ್ಚು, ಹರಿದ ಕಾಗದ. ಎಲ್ಲವೂ ಲೇಖಕ ಕಲ್ಪಿಸಿದ್ದು, ಕಥೆಯಿಂದ ಹೊರಗೆ ಅವಕ್ಕೆ ಅಸ್ತಿತ್ವವಿಲ್ಲ. ಅಮೆರಿಕದಲ್ಲಿ ತಂತ್ರಜ್ಞಾನದ ಥ್ರಿಲ್ಲರ್ ಬೇರೆ ದಾರಿ ಹಿಡಿಯಿತು. ವಿಮಾ ಏಜೆಂಟರಾಗಿದ್ದ ಟಾಮ್ ಕ್ಲ್ಯಾನ್ಸಿ 1984ರಲ್ಲಿ ಬರೆದ ‘ದಿ ಹಂಟ್ ಫಾರ್ ರೆಡ್ ಅಕ್ಟೋಬರ್’ ಜಲಾಂತರ್ಗಾಮಿಯ ಒಳಹೊರಗನ್ನು ಎಷ್ಟು ವಿವರವಾಗಿ ಕೊಟ್ಟಿತೆಂದರೆ, ಅದನ್ನು ಪ್ರಕಟಿಸಿದ್ದು ಅಲ್ಲಿಯವರೆಗೆ ಹೊಸ ಕಾದಂಬರಿಯನ್ನೇ ಪ್ರಕಟಿಸದಿದ್ದ ಅಮೆರಿಕದ ನೌಕಾ ಸಂಸ್ಥೆಯ ಮುದ್ರಣಾಲಯ. ಹಾರ್ವರ್ಡಿನಲ್ಲಿ ವೈದ್ಯಕೀಯ ಓದಿದ ಮೈಕೆಲ್ ಕ್ರೈಟನ್ 1990ರ ‘ಜುರಾಸಿಕ್ ಪಾರ್ಕ್’ನಲ್ಲಿ ಡಿಎನ್‌ಎ ಎಂಬುದನ್ನು ಮನೆಮಾತು ಮಾಡಿದರು. ಗಣೇಶಯ್ಯ ಈ ಸಾಲಿಗೆ ಸೇರಿದವರೇ. ಆದರೆ ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. ಕ್ಲ್ಯಾನ್ಸಿಯ ಓದುಗ ಜಲಾಂತರ್ಗಾಮಿಯೊಳಗೆ ಹೋಗಿ ಲೇಖಕ ಹೇಳಿದ್ದು ನಿಜವೇ ಎಂದು ನೋಡಲಾರ. ಗಣೇಶಯ್ಯನವರ ಓದುಗ ಬಸ್ಸು ಹತ್ತಿ ಸೋಮನಾಥಪುರಕ್ಕೋ ಹಳೇಬೀಡಿಗೋ ಹೋಗಿ, ಪುಸ್ತಕದ ಫೋಟೊವನ್ನೂ ಗೋಡೆಯ ಕಲ್ಲನ್ನೂ ಪಕ್ಕಪಕ್ಕದಲ್ಲಿ ಹಿಡಿದು ನೋಡಬಲ್ಲ. ಸಾಕ್ಷ್ಯ ಊರಿನ ಆಸ್ತಿ. ಯಾರ ಅನುಮತಿಯೂ ಬೇಡ.

‘ಕನಕ ಮುಸುಕು’ ನೆಚ್ಚಿಕೊಂಡಿರುವ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಮೈಸೂರಿನಿಂದ ಸುಮಾರು 35 ಕಿಲೊಮೀಟರ್ ದೂರದ ಸೋಮನಾಥಪುರದ ಕೇಶವ ದೇವಾಲಯ ಪ್ರತಿಷ್ಠಾಪನೆಯಾದದ್ದು 13ನೇ ಶತಮಾನದಲ್ಲಿ, ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥನಿಂದ. ಹೊರಗೋಡೆಯ ಕೆಲವು ವಿಗ್ರಹಗಳ ಕೈಯಲ್ಲಿ ಒಂದು ವಸ್ತುವಿದೆ. ಅಂಗೈಯಲ್ಲಿ ಬುಡ ಊರಿ, ಮೇಲಕ್ಕೆ ಹೋದಂತೆ ಸಣ್ಣಗಾಗುವ ಆಕಾರ. ಮೈತುಂಬ ಸಾಲುಸಾಲಾಗಿ ಜೋಡಿಸಿದ ಉಬ್ಬು ಕಾಳುಗಳು. ಕೆಲವು ಕಡೆ ಸಾಲುಗಳು ನೇರ, ಕೆಲವು ಕಡೆ ಒಂದಕ್ಕೊಂದು ಓರೆ. ಬುಡದಲ್ಲಿ ಸಿಪ್ಪೆ ಸುಲಿದು ಹಿಂದಕ್ಕೆ ಮಡಚಿದಂಥ ರೂಪ. ನೋಡಿದ ಯಾರಿಗೂ ತಕ್ಷಣ ನೆನಪಾಗುವುದು ಮುಸುಕಿನ ಜೋಳದ ತೆನೆ. ತೊಡಕು ಇಲ್ಲೇ. ಮುಸುಕಿನ ಜೋಳ ಹುಟ್ಟಿದ್ದು ಮೆಕ್ಸಿಕೋದಲ್ಲಿ, ಸುಮಾರು 9000 ವರ್ಷಗಳ ಹಿಂದೆ, ಟಿಯೊಸಿಂಟೆ ಎಂಬ ಕಾಡುಹುಲ್ಲಿನಿಂದ. ಕೊಲಂಬಸ್ ಅಮೆರಿಕ ಮುಟ್ಟಿದ್ದು 1492ರಲ್ಲಿ, ಜೋಳ ಭಾರತಕ್ಕೆ ಬಂದದ್ದು ಆಮೇಲೆ ಪೋರ್ಚುಗೀಸರ ಕಾಲದಲ್ಲಿ ಎಂಬುದು ಒಪ್ಪಿತ ಇತಿಹಾಸ. ಹಾಗಿದ್ದರೆ ಅದಕ್ಕೂ ಎರಡು ಶತಮಾನ ಹಿಂದಿನ ಶಿಲ್ಪಿಗೆ ತೆನೆ ಎಲ್ಲಿ ಸಿಕ್ಕಿತು? 1989ರಲ್ಲಿ ಕಾರ್ಲ್ ಜೊಹಾನೆಸ್ಸನ್ ಮತ್ತು ಆ್ಯನ್ ಪಾರ್ಕರ್ ‘ಇಕನಾಮಿಕ್ ಬಾಟನಿ’ ಪತ್ರಿಕೆಯಲ್ಲಿ ಇದು ಮುಸುಕಿನ ಜೋಳವೇ, ಕೊಲಂಬಸನಿಗಿಂತ ಮೊದಲೇ ಸಾಗರ ದಾಟಿ ಬಂದಿತ್ತು ಎಂದು ವಾದಿಸಿದರು. ಕಾಳಿನ ಸಾಲು, ತೆನೆಯ ಉದ್ದ–ಅಗಲದ ಅನುಪಾತ, ಸಿಪ್ಪೆಯ ರೂಪ ಇವೆಲ್ಲವನ್ನೂ ಅಳೆದು ನೋಡಿದ್ದರು.

ಉತ್ತರ ತಡವಾಗಲಿಲ್ಲ. 1993ರಲ್ಲಿ ಅದೇ ಪತ್ರಿಕೆಯಲ್ಲಿ ಎಂ.ಎಂ. ಪಾಯಕ್ ಮತ್ತು ಜೆ.ಕೆ.ಎಸ್. ಸಚಾನ್ ಎಂಬ ಭಾರತೀಯ ವಿಜ್ಞಾನಿಗಳು ಇದು ಜೋಳವಲ್ಲ, ಮುತ್ತು ಪೋಣಿಸಿದ ಕಾಲ್ಪನಿಕ ಫಲ, ಮುಕ್ತಾಫಲ ಎಂದರು. ನಮ್ಮ ಶಿಲ್ಪಶಾಸ್ತ್ರದಲ್ಲಿ ದೇವತೆಗಳ ಕೈಗೆ ಮಾದಲದ ಹಣ್ಣನ್ನು ಕೊಡುವ ಪದ್ಧತಿ ಹಳೆಯದು. ಹೊಯ್ಸಳ ಶಿಲ್ಪಿಯೋ ಬಳಪದ ಕಲ್ಲಿನಲ್ಲಿ ಸರ ಮಣಿ ಒಡವೆಗಳನ್ನು ಕಂಡಕಂಡಲ್ಲಿ ಬಿಡಿಸುವವನು. ಅವನು ಹಣ್ಣನ್ನೂ ಮಣಿಗಳಿಂದ ತುಂಬಿದ್ದರೆ ಆಶ್ಚರ್ಯವಿಲ್ಲ. ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಒಕ್ಕಲುತನದ್ದು: ತೆನೆ ಇಲ್ಲಿ ಬೆಳೆಯುತ್ತಿತ್ತಾದರೆ ಹೊಲ, ಕಣಜ, ಒಲೆಯ ಬೂದಿ ಎಲ್ಲಾದರೂ ಆ ಕಾಲದ ಒಂದು ಕಾಳಾದರೂ ಸಿಗಬೇಕಿತ್ತಲ್ಲ? ಒಪ್ಪುವಂಥ ಪುರಾವೆ ಸಿಕ್ಕಿಲ್ಲ, ಮತ್ತು ವಿಜ್ಞಾನಿಗಳಲ್ಲಿ ಬಹುಮತ ಇಂದಿಗೂ ಜೋಳದ ವಾದವನ್ನು ಒಪ್ಪುವುದಿಲ್ಲ. ನಾನೂ ಆ ಬಹುಮತದ ಕಡೆಗೇ. ಆದರೂ ಗಮನಿಸಬೇಕಾದ್ದು ಬೇರೆ ಇದೆ. ಕೆಲವೇ ತಜ್ಞರು ಓದುವ ನಿಯತಕಾಲಿಕದ ಪುಟಗಳಲ್ಲಿ ನಡೆದ ಜಗಳವೊಂದನ್ನು ಕಾದಂಬರಿಯೊಂದು ಕನ್ನಡದ ಮನೆಮನೆಗೆ ಒಯ್ದಿತು. ಸೋಮನಾಥಪುರ, ಬೇಲೂರು, ಹಳೇಬೀಡುಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು, ಸರಿ. ಆದರೆ ಗುಡಿಗೆ ಹೋದ ಮನುಷ್ಯ ಗೈಡ್ ತೋರಿಸಿದ್ದನ್ನಷ್ಟೇ ನೋಡದೆ, ಒಂದು ವಿಗ್ರಹದ ಕೈಯ ಮುಂದೆ ನಿಂತು ‘ಇದೇನು, ಯಾಕೆ ಹೀಗಿದೆ’ ಎಂದು ಕೇಳಿಕೊಳ್ಳುವುದು ಹೆಮ್ಮೆಗಿಂತ ದೊಡ್ಡ ಲಾಭ.

ಬೆಳೆಗಳ ವಲಸೆಯ ಈ ಪ್ರಶ್ನೆಗೆ ಬಸವನಗುಡಿಯದೇ ಒಂದು ಪೂರ್ವಸೂರಿ ಪರಂಪರೆಯಿದೆ. ಡಿ.ವಿ.ಜಿ.ಯವರ ಮಗ ಬಿ.ಜಿ.ಎಲ್. ಸ್ವಾಮಿಯೂ ಸಸ್ಯವಿಜ್ಞಾನಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಂಶುಪಾಲರಾಗಿದ್ದವರು, ‘ಹಸುರು ಹೊನ್ನು’ ಬರೆದವರು. ಅವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ನಮ್ಮ ಅಡುಗೆಮನೆಯ ಎಷ್ಟೊಂದು ಪದಾರ್ಥ ಸಾಗರದಾಚೆಯಿಂದ ಬಂದದ್ದು ಎಂಬುದನ್ನು ಬೆಳೆಯಿಂದ ಬೆಳೆಗೆ ಬಿಡಿಸಿ ಹೇಳುತ್ತದೆ. ಶಾಸನ, ಇತಿಹಾಸಗಳಿಗೂ ಸ್ವಾಮಿ ಕೈಹಾಕಿದ್ದರು, ಅದಕ್ಕಾಗಿ ಟೀಕೆಯನ್ನೂ ಎದುರಿಸಿದ್ದರು. ಗಿಡಗಳನ್ನು ಬಲ್ಲವರಿಗೆ ಇತಿಹಾಸ ಬೇರೆಯೇ ಥರ ಕಾಣುತ್ತದೆ: ರಾಜರ ವಂಶಾವಳಿಗಿಂತ ಬೀಜ ಯಾವ ದಾರಿಯಲ್ಲಿ ಬಂತೆಂಬುದು ಅವರಿಗೆ ಮುಖ್ಯ. ಸ್ವಾಮಿ ಅದನ್ನು ಪ್ರಬಂಧದಲ್ಲಿ ಹೇಳಿದರು, ಗಣೇಶಯ್ಯ ಥ್ರಿಲ್ಲರಿನಲ್ಲಿ.

‘ಕರಿಸಿರಿಯಾನ’ ಇದೇ ಕ್ರಮವನ್ನು ಬೇರೊಂದು ಬಗೆಯ ಸಾಕ್ಷ್ಯದ ಮೇಲೆ ನಡೆಸುತ್ತದೆ. 1565ರ ಜನವರಿಯಲ್ಲಿ ರಕ್ಕಸಗಿ–ತಂಗಡಗಿ ಯುದ್ಧದಲ್ಲಿ ರಾಮರಾಯ ಹತನಾದ ಮೇಲೆ ತಮ್ಮ ತಿರುಮಲ ವಿಜಯನಗರದಿಂದ ಸಂಪತ್ತು ಹೇರಿಕೊಂಡು ದಕ್ಷಿಣಕ್ಕೆ ಹೊರಟ. ಆನೆಗಳು 550, ಸಂಪತ್ತಿನ ಮೌಲ್ಯ 10 ಕೋಟಿ ಪೌಂಡಿಗಿಂತ ಹೆಚ್ಚು ಎಂದು ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ‘ಎ ಫರ್‌ಗಾಟನ್ ಎಂಪೈರ್’ನಲ್ಲಿ ಬರೆದ. ಆಮೇಲೆ ಬಂದ ಪಠ್ಯಪುಸ್ತಕಗಳು, ಪ್ರವಾಸಿ ಕೈಪಿಡಿಗಳು ಆ ಸಂಖ್ಯೆಯನ್ನು ಒಂದರಿಂದೊಂದು ನಕಲು ಮಾಡುತ್ತ ಹೋದವು. ಕಾದಂಬರಿಕಾರರು ಮಾತ್ರ ಆ ವಾಕ್ಯವನ್ನು ಗಂಭೀರವಾಗಿ ತೆಗೆದುಕೊಂಡರು. ಅಷ್ಟು ಆನೆಗಳು ನಡೆದಿದ್ದರೆ ದಾರಿ ಯಾವುದು, ನೀರು ಮೇವು ಎಲ್ಲಿ, ಪೆನುಗೊಂಡೆಯೋ ತಿರುಪತಿಯೋ ತಲುಪಿದ ಮೇಲೆ ಆ ಹೊರೆ ಎಲ್ಲಿ ಕರಗಿತು? ಇತಿಹಾಸಕಾರರು ಈ ಪ್ರಶ್ನೆಗಳನ್ನು ಕೇಳಬಾರದೆಂದೇನಿಲ್ಲ, ಆದರೆ ಉತ್ತರಕ್ಕೆ ದಾಖಲೆ ಸಿಗದಿದ್ದಾಗ ಅವರು ಅಲ್ಲಿಗೆ ನಿಲ್ಲಬೇಕಾಗುತ್ತದೆ. ಕಾದಂಬರಿಗೆ ಮುಂದೆ ಹೋಗುವ ಸ್ವಾತಂತ್ರ್ಯವಿದೆ. ಎಲ್ಲಿಂದ ಮುಂದೆ ಹೋಗಿದೆ ಎಂಬ ಗೆರೆ ಕಾಣುವಂತಿದ್ದರೆ ಸಾಕು. ‘ಏಳು ರೊಟ್ಟಿಗಳು’ ಹೈದರಾಬಾದಿನ ನಿಜಾಮರ ಸಂಪತ್ತಿನ ಬೆನ್ನು ಹತ್ತುವುದೂ, ‘ಚಿತಾದಂತ’ ಬುದ್ಧನ ದಂತಧಾತುವಿನ ಸುತ್ತ ಹೆಣೆದುಕೊಳ್ಳುವುದೂ ಹೀಗೆಯೇ.

ಗೆರೆಯ ಮಾತು ಬಂದಾಗ ಮೊದಲ ಆಕ್ಷೇಪಕ್ಕೆ ಎದುರಾಗಲೇಬೇಕು. ಅಡಿಟಿಪ್ಪಣಿ ವಿದ್ವತ್ತಿನ ಮುದ್ರೆ; ಅದನ್ನು ಕಟ್ಟುಕತೆಗೆ ಒತ್ತಿದರೆ ಕತೆಯನ್ನೇ ಜನ ಇತಿಹಾಸವೆಂದು ನಂಬುವುದಿಲ್ಲವೇ? ಈ ಭಯ ಹುಸಿಯಲ್ಲ. ಕ್ರೈಟನ್ 1969ರ ‘ದಿ ಆ್ಯಂಡ್ರೊಮಿಡಾ ಸ್ಟ್ರೇನ್’ನ ಕೊನೆಗೆ ಕೊಟ್ಟ ಆಕರಪಟ್ಟಿಯಲ್ಲಿ ನಿಜವಾದ ಪ್ರಬಂಧಗಳ ನಡುವೆ ಇಲ್ಲದ ಪ್ರಬಂಧಗಳನ್ನೂ ಸೇರಿಸಿದ್ದರು. ಅದು ಆಟವಾಗಿತ್ತು. 2004ರಲ್ಲಿ ಹವಾಮಾನ ಬದಲಾವಣೆಯನ್ನು ಶಂಕಿಸಿ ಬರೆದ ‘ಸ್ಟೇಟ್ ಆಫ್ ಫಿಯರ್’ ಕಾದಂಬರಿಗೂ ನಕ್ಷೆ, ಅಡಿಟಿಪ್ಪಣಿ, ಗ್ರಂಥಸೂಚಿ ಜೋಡಿಸಿದರು. ಮರುವರ್ಷ ಅಮೆರಿಕದ ಸೆನೆಟ್ ಸಮಿತಿಯೊಂದು ಆ ಕಾದಂಬರಿಕಾರನನ್ನೇ ಕರೆಸಿ ಹೇಳಿಕೆ ಪಡೆಯಿತು. ಆ ಹೊತ್ತಿಗೆ ಅದು ಆಟವಾಗಿ ಉಳಿದಿರಲಿಲ್ಲ. ನಮ್ಮಲ್ಲಂತೂ ಇತಿಹಾಸ ಬೀದಿಯ ಜಗಳಕ್ಕೆ ಬಹುಬೇಗ ಎಳೆಯಲ್ಪಡುವ ಕಾಲ. ವಾಟ್ಸ್‌ಆ್ಯಪಿನಲ್ಲಿ ಬಂದ ಎರಡು ಸಾಲು ಶತಮಾನಗಳ ಶಾಸನಾಧ್ಯಯನವನ್ನು ಮೂಲೆಗೆ ತಳ್ಳಬಲ್ಲದು. ಇಂಥಲ್ಲಿ ಅರ್ಧ ನಿಜ, ಅರ್ಧ ಕಲ್ಪನೆಯ ಪುಸ್ತಕ ಬೆಂಕಿಗೆ ತುಪ್ಪವಾಗದೇ ಎಂದು ಕೇಳುವವರನ್ನು ತಳ್ಳಿಹಾಕುವಂತಿಲ್ಲ.

ಆದರೆ ವಾಟ್ಸ್‌ಆ್ಯಪಿನ ಆ ಎರಡು ಸಾಲಿಗೂ ಗಣೇಶಯ್ಯನವರ ಪುಟಕ್ಕೂ ಇರುವ ಭೇದ ಮೂಲಭೂತವಾದದ್ದು. ಆ ಸಾಲಿಗೆ ಆಕರವಿಲ್ಲ, ಹಾಗಾಗಿ ಅದನ್ನು ಸುಳ್ಳೆಂದು ತೋರಿಸುವ ದಾರಿಯೂ ಸುಲಭವಾಗಿ ಸಿಗುವುದಿಲ್ಲ. ಆಕರ ಕೊಟ್ಟ ಲೇಖಕ ತನ್ನನ್ನು ಸೋಲಿಸುವ ಆಯುಧವನ್ನೂ ಓದುಗನ ಕೈಗೆ ಕೊಟ್ಟಿರುತ್ತಾನೆ. ಗಣೇಶಯ್ಯ ಹೆಸರಿಸುವ ಪುಸ್ತಕಗಳು ಹುಡುಕಿದರೆ ಸಿಗುವಂಥವು. ತ್ಯಾಗರಾಜನಗರದ ಓದುಗರಿಗೆ ಎನ್.ಆರ್. ಕಾಲೊನಿಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಬಿ.ಪಿ. ವಾಡಿಯಾ ರಸ್ತೆಯ ವಿಶ್ವಸಂಸ್ಕೃತಿ ಸಂಸ್ಥೆ ಎರಡೂ ಹತ್ತಿರ. ಎರಡೂ 1945ರಲ್ಲಿ ಹುಟ್ಟಿ, ಎರಡೂ ಗ್ರಂಥಾಲಯ ಕಟ್ಟಿಕೊಂಡಿವೆ. ಬಿ.ಎಲ್. ರೈಸ್ ಆರಂಭಿಸಿ ಆರ್. ನರಸಿಂಹಾಚಾರ್ ಮುಂದುವರಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಂತೂ ಈಗ ಅಂತರ್ಜಾಲದಲ್ಲೇ ಸಿಗುತ್ತವೆ. ಕಾದಂಬರಿ ಓದಿ ಮೂಲಕ್ಕೆ ಹೋದವನು ಕಾದಂಬರಿಕಾರನನ್ನು ಒಪ್ಪದೆಯೂ ಹಿಂತಿರುಗಬಹುದು, ಜೋಳದ ವಿಷಯದಲ್ಲಿ ಆಗುವಂತೆ. ಆ ಸಾಧ್ಯತೆಯನ್ನು ತೆರೆದಿಡುವ ಜನಪ್ರಿಯ ಸಾಹಿತ್ಯ ನಮ್ಮಲ್ಲಿ ಮೊದಲು ಎಷ್ಟಿತ್ತು?

ಎರಡನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡುವುದು. ಕರ್ನಾಟಕದಲ್ಲಿ ನಿಧಿಗಳ್ಳರ ಹಾವಳಿ ಕತೆಯಲ್ಲ. ಪಾಳುಗುಡಿಗಳ ಗರ್ಭಗುಡಿ ಅಗೆದದ್ದು, ಲಿಂಗ ಕಿತ್ತದ್ದು, ಬಸವನ ಹೊಟ್ಟೆ ಸೀಳಿದ್ದು, ವೀರಗಲ್ಲು ಉರುಳಿಸಿದ್ದು ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಬರುತ್ತಲೇ ಇರುತ್ತವೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ಬ್ರಿಟಿಷರ 1878ರ ಕಾಯ್ದೆಯಿಂದಲೂ ಇದೆ, ನಮ್ಮ ರಾಜ್ಯದ್ದೇ ಕಾಯ್ದೆ 1962ರದ್ದು. ಗುದ್ದಲಿ ಹಿಡಿದವನು ಅದನ್ನು ಓದಿರುವುದಿಲ್ಲ. ಇಂಥ ನಾಡಿನಲ್ಲಿ ಹಳೆಯ ಗುಡಿ ಎಂದರೆ ನಿಧಿಯ ಗುಟ್ಟು ಎಂಬ ಭಾವನೆಯನ್ನು ಕಾದಂಬರಿ ಮತ್ತೆ ಮತ್ತೆ ಬಲಪಡಿಸಿದರೆ ಹಾನಿಯೇ. ಗಣೇಶಯ್ಯನವರ ಓದುಗರು ಗುದ್ದಲಿ ಹಿಡಿಯುವವರಲ್ಲ ಎಂದು ಹೇಳಿ ಜಾರಿಕೊಳ್ಳಬಹುದು, ಆದರೆ ಅದು ಪೂರ್ಣ ಉತ್ತರವಲ್ಲ. ಅವರ ಕೃತಿಗಳ ಒಟ್ಟು ಚಲನೆಯನ್ನು ನೋಡಿದರೆ ಉತ್ತರ ಸಿಗುತ್ತದೆ. ಹೊನ್ನು, ರತ್ನಗಳ ಬೇಟೆಯ ಜತೆಯಲ್ಲೇ ಅವರ ಆಸಕ್ತಿ ಬೆಳೆ, ಗಿಡಮೂಲಿಕೆ, ವಲಸೆ, ವಂಶವಾಹಿಗಳ ಕಡೆಗೂ ಹರಿದಿದೆ. ಮೆಣಸು ಎಂಬ ಕಾಳಿಗಾಗಿ ಸಾಮ್ರಾಜ್ಯಗಳು ಹಡಗು ಕಟ್ಟಿದವು ಎಂದು ತೋರಿಸುವ ಲೇಖಕ, ಸಂಪತ್ತು ಎಂದರೇನು ಎಂಬ ಓದುಗನ ಎಣಿಕೆಯನ್ನೇ ಬದಲಿಸುತ್ತಾರೆ. ನನ್ನ ಮಟ್ಟಿಗೆ ಅವರ ನಿಧಿ ಕಾದಂಬರಿಗಳಿಗಿಂತ ಬೆಳೆ ಕಾದಂಬರಿಗಳು ಹೆಚ್ಚು ಬಾಳುವಂಥವು.

‘ಬಳ್ಳಿಕಾಳ ಬೆಳ್ಳಿ’ ಅಂಥದು. ಗೇರುಸೊಪ್ಪೆಯ ಚೆನ್ನಭೈರಾದೇವಿ 16ನೇ ಶತಮಾನದ ನಡುವಿನಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದು ಕರೆದರು, ಅವಳೊಡನೆ ಕಾದಾಡಿದರು, ವ್ಯಾಪಾರವನ್ನೂ ಮಾಡಿದರು. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕನ ಕೈಯಲ್ಲಿ ಅವಳ ರಾಜ್ಯ ಅಳಿಯಿತು. ಶರಾವತಿಯ ದಡದ ಕಾಡಿನಲ್ಲಿ ಗೇರುಸೊಪ್ಪೆಯ ಚತುರ್ಮುಖ ಬಸದಿ ಇಂದಿಗೂ ನಿಂತಿದೆ, ನಾಲ್ಕು ದಿಕ್ಕಿಗೂ ಬಾಗಿಲು ತೆರೆದು. ಕಿತ್ತೂರು ಚೆನ್ನಮ್ಮ, ಉಳ್ಳಾಲದ ಅಬ್ಬಕ್ಕನ ಹೆಸರು ಬಲ್ಲ ನಾಡಿಗೆ ಈ ಜೈನ ರಾಣಿ ಹೆಚ್ಚುಕಡಿಮೆ ಅಪರಿಚಿತಳಾಗಿದ್ದಳು. ಗಣೇಶಯ್ಯನವರ ಕಾದಂಬರಿ, ಗಜಾನನ ಶರ್ಮರು ಬೇರೆಯದೇ ರೀತಿಯಲ್ಲಿ ಬರೆದ ‘ಚೆನ್ನಭೈರಾದೇವಿ’, ಇವೆರಡೂ ಸೇರಿ ಅವಳನ್ನು ಸಾರ್ವಜನಿಕ ನೆನಪಿಗೆ ತಂದವು.

ಪಾತ್ರಗಳು ತೆಳು ಎಂಬ ದೂರಿದೆ. ಅದು ನಿಜ. ಅವರ ಸಂಶೋಧಕರೂ ಅಧಿಕಾರಿಗಳೂ ಎಷ್ಟೋ ಸಲ ಮಾಹಿತಿ ಹೇಳುವುದಕ್ಕಾಗಿಯೇ ಬಾಯಿ ತೆರೆಯುತ್ತಾರೆ; ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ದನಿಯಲ್ಲಿ ಭೇದ ಕಾಣುವುದು ಕಡಿಮೆ. ತೇಜಸ್ವಿಯವರ ‘ಜುಗಾರಿ ಕ್ರಾಸ್’ನಲ್ಲಿ ರಹಸ್ಯದಷ್ಟೇ ಮಲೆನಾಡಿನ ಮನುಷ್ಯರೂ ಮನಸ್ಸಿನಲ್ಲಿ ಉಳಿಯುತ್ತಾರೆ, ಗಣೇಶಯ್ಯನವರಲ್ಲಿ ಉಳಿಯುವುದು ಪ್ರಶ್ನೆ. ಸಣ್ಣಕಥೆಗಳಲ್ಲಿ, ‘ಶಾಲಭಂಜಿಕೆ’ ಸಂಕಲನದಂಥಲ್ಲಿ, ಈ ಕೊರತೆ ಅಷ್ಟು ಕಾಡುವುದಿಲ್ಲ; ಕಥೆ ಚಿಕ್ಕದಾದಾಗ ಒಂದೇ ಊಹೆ ಇಡೀ ಕಥೆಯನ್ನು ಹೊರಬಲ್ಲದು. ವಿಮರ್ಶಕರು ಈ ಕೊರತೆಯನ್ನು ಹೇಳಲಿ, ಆದರೆ ಅಷ್ಟಕ್ಕೇ ಪುಸ್ತಕ ಮುಚ್ಚಿಡುವುದು ಸರಿಯಲ್ಲ. ಕನ್ನಡ ವಿಮರ್ಶೆ ನರಸಿಂಹಯ್ಯನವರ ವಿಷಯದಲ್ಲಿ ಅದೇ ಮಾಡಿತು, ಲಕ್ಷಾಂತರ ಜನ ಏನು ಓದುತ್ತಿದ್ದಾರೆ, ಯಾಕೆ ಓದುತ್ತಿದ್ದಾರೆ ಎಂದು ಕೇಳುವ ಗೋಜಿಗೇ ಹೋಗಲಿಲ್ಲ.

ಈಗ ಆಗಬೇಕಾದ ಕೆಲಸವೊಂದಿದೆ, ಅದು ಲೇಖಕರದೂ ಪ್ರಕಾಶಕರದೂ. ಸಾಕ್ಷ್ಯದ ಮೇಲೆ ನಿಂತ ಕಾದಂಬರಿಗೆ ಬೇರೆ ಕಾದಂಬರಿಗಳಿಗಿಲ್ಲದ ಒಂದು ಹೊಣೆಯಿದೆ: ಸಾಕ್ಷ್ಯ ಬದಲಾಗುತ್ತದೆ. ‘ಶಿಲಾಕುಲವಲಸೆ’ ಆರ್ಯರ ವಲಸೆಯ ವಿವಾದವನ್ನು ಎತ್ತಿಕೊಂಡ ಕೃತಿ. ಅದು ಬಂದ ಮೇಲೆ, 2019ರಲ್ಲಿ, ಎರಡು ಮಹತ್ವದ ಅಧ್ಯಯನಗಳು ಒಟ್ಟೊಟ್ಟಿಗೆ ಪ್ರಕಟವಾದವು. ಹರಿಯಾಣದ ರಾಖಿಗಡಿಯಲ್ಲಿ ಹೂತಿದ್ದ ಸಿಂಧೂ ನಾಗರಿಕತೆಯ ಮಹಿಳೆಯೊಬ್ಬಳ ಡಿಎನ್‌ಎಯಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲಿನ ಜನರ ಅಂಶ ಸಿಗಲಿಲ್ಲವೆಂದು ಒಂದು ಹೇಳಿತು. ಆ ಅಂಶ ಉಪಖಂಡಕ್ಕೆ ಬಂದದ್ದು ಕ್ರಿ.ಪೂ. 2000ದಿಂದ 1500ರ ನಡುವೆ ಎಂದು ಇನ್ನೊಂದು ಹೇಳಿತು. ಕಾದಂಬರಿಯ ಒಂದು ಸಾಲನ್ನೂ ತಿದ್ದಬೇಕಿಲ್ಲ. ಆದರೆ ಮರುಮುದ್ರಣದ ಕೊನೆಗೆ ಎರಡು ಪುಟ ಸೇರಿಸಿ, ಕಥೆ ಎತ್ತಿದ ಪ್ರಶ್ನೆ ಈಗ ಎಲ್ಲಿಗೆ ಬಂದಿದೆ, ಯಾವ ಊಹೆ ಬಲವಾಯಿತು, ಯಾವುದು ಸೊರಗಿತು ಎಂದು ಲೇಖಕರೇ ಬರೆಯಲಿ. ‘ಕನಕ ಮುಸುಕಿ’ಗೂ ಹಾಗೆಯೇ: ಜೊಹಾನೆಸ್ಸನ್‌ರ ವಾದದ ಜತೆ ಪಾಯಕ್–ಸಚಾನ್‌ರ ಉತ್ತರವೂ, ಮೆಕ್ಸಿಕೋದ ಹೊಸ ಪುರಾವೆಗಳೂ ಒಂದೇ ಕಡೆ ಸಿಗಲಿ. ವೈಜ್ಞಾನಿಕ ಪತ್ರಿಕೆಗಳಲ್ಲಿ ಇದು ದಿನನಿತ್ಯದ ಸಂಪ್ರದಾಯ, ಗಣೇಶಯ್ಯನವರಿಗೆ ಹೊಸದೇನಲ್ಲ. ಗಾಂಧಿಬಜಾರಿನಿಂದ ಹೊರಡುವ ಮುಂದಿನ ಮುದ್ರಣದಲ್ಲೇ ಅದು ಶುರುವಾಗಬಹುದು.